ನೆರೆಯಲ್ಲಿ ಮುಳುಗಿದರೂ ಬದುಕುವ ಭತ್ತ: ಇಳುವರಿ ಕಳೆಯದೆ ಅದನ್ನು ಪಡೆದದ್ದು ಹೇಗೆ?

ಭತ್ತ ನೀರಲ್ಲೇ ನಿಂತು ಬೆಳೆಯುವ ಬೆಳೆ. ಹಾಗಿದ್ದೂ ನೆರೆ ಬಂದು ಗದ್ದೆ ವಾರ ಹತ್ತು ದಿನ ಪೂರ್ತಿ ಮುಳುಗಿದರೆ ಸಸಿ ಕೊಳೆತುಹೋಗುತ್ತದೆ. ವರದಾ ನದಿಯ ದಂಡೆಯ ತಗ್ಗು ಗದ್ದೆಯವರಿಗೂ ಒಡಿಶಾದ ಮಹಾನದಿ ಬಯಲಿನವರಿಗೂ ಇದು ಗೊತ್ತಿರುವ ಕಷ್ಟ. ಏಷ್ಯಾದಲ್ಲಿ ಸುಮಾರು 2 ಕೋಟಿ ಹೆಕ್ಟೇರ್ ಭತ್ತದ ಭೂಮಿ ನೆರೆಯ ಅಂಚಿನಲ್ಲಿದೆ ಎಂಬ ಅಂದಾಜಿದೆ. ಭಾರತ ಮತ್ತು ಬಾಂಗ್ಲಾದೇಶಗಳೆರಡರಲ್ಲೇ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಅಕ್ಕಿ ನೆರೆಯ ಪಾಲಾಗುತ್ತದೆ ಎನ್ನುತ್ತಾರೆ. ಅದು 3 ಕೋಟಿ ಜನರ ಊಟ.

ಮಳೆ ಹದ ತಪ್ಪುತ್ತಿರುವ ಈ ವರ್ಷಗಳಲ್ಲಿ ‘ನೆರೆ ತಡೆಯುವ ಭತ್ತ’ ಎಂಬ ಮಾತು ಹೆಚ್ಚು ಹೆಚ್ಚು ಕೇಳಿಬರುತ್ತಿದೆ. ಕೇಳಿದ ರೈತರ ಮೊದಲ ಪ್ರಶ್ನೆ ಒಂದೇ: ಇಳುವರಿ ಹೇಗೆ? ಬಹಳ ಸರಿಯಾದ ಪ್ರಶ್ನೆ. ವಿಜ್ಞಾನಿಗಳು ದಶಕಗಟ್ಟಲೆ ತಿಣುಕಾಡಿದ್ದೂ ಅದಕ್ಕೇ. ಗಿಡ ಬದುಕುವುದು ಒಂದು ವಿಷಯ, ತೆನೆ ತುಂಬುವುದು ಇನ್ನೊಂದು. ಈ ಎರಡು ಗುಣಗಳ ತಳಿವಿಜ್ಞಾನವೇ ಬೇರೆ ಬೇರೆ.

ನೀರಿನ ಗಿಡ ನೀರಲ್ಲೇ ಸಾಯುವುದೇಕೆ?

ಗದ್ದೆಯಲ್ಲಿ ಬುಡ ಮಾತ್ರ ನೀರಲ್ಲಿದ್ದಾಗ ಎಲೆಗಳು ಗಾಳಿಯಲ್ಲಿರುತ್ತವೆ. ಎಲೆಯಿಂದ ಕಾಂಡದ ಮೂಲಕ ಬೇರಿನವರೆಗೆ ಗಾಳಿ ಇಳಿಯಲು ಭತ್ತದ ಒಳಗೆ ಟೊಳ್ಳು ದಾರಿಗಳಿವೆ. ರಾಗಿ, ಜೋಳಕ್ಕೆ ಆಗದ್ದು ಭತ್ತಕ್ಕೆ ಆಗುವುದು ಇದರಿಂದಲೇ.

ನೆರೆ ಎಲೆಯ ತುದಿಯನ್ನೂ ಮುಳುಗಿಸಿತೆಂದರೆ ಲೆಕ್ಕ ಬದಲಾಗುತ್ತದೆ. ನೀರಿನೊಳಗೆ ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಚಲಿಸುವ ವೇಗ ಗಾಳಿಯಲ್ಲಿ ಚಲಿಸುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮೇಲಾಗಿ ನೆರೆ ನೀರು ಕೆಂಪು ಕದಡು, ಬಿಸಿಲು ಒಳಗಿಳಿಯುವುದಿಲ್ಲ. ಉಸಿರಾಟವೂ ಆಹಾರ ತಯಾರಿಯೂ ಒಟ್ಟಿಗೆ ಕುಂಠಿತವಾಗುತ್ತವೆ.

ಆಗ ಗಿಡದೊಳಗೆ ಎಥಿಲೀನ್ ಎಂಬ ಅನಿಲ ಹೊರಹೋಗಲಾಗದೆ ತುಂಬಿಕೊಳ್ಳುತ್ತದೆ. ಹಣ್ಣು ಮಾಗಿಸುವ ಎಥಿಲೀನ್ ಇದೇ. ಮುಳುಗಿರುವೆ ಎಂಬ ಸುದ್ದಿ ಗಿಡಕ್ಕೆ ಮುಟ್ಟುವುದು ಈ ಅನಿಲದ ಮೂಲಕ. ಸುದ್ದಿ ಮುಟ್ಟಿದ ಮೇಲೆ ಗಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನ್ ಕೆಲಸ ಶುರುಮಾಡುತ್ತದೆ. ಸಾಮಾನ್ಯ ತಳಿಗಳು ನೀರಿನ ಮೇಲೆ ತಲೆ ಎತ್ತಲು ಸರಸರ ಉದ್ದ ಬೆಳೆಯುತ್ತವೆ. ಆ ಬೆಳವಣಿಗೆಗೆ ಬೇಕಾದ ಸಕ್ಕರೆ ಬರುವುದು ಕಾಂಡದಲ್ಲಿ ಕೂಡಿಟ್ಟ ಪಿಷ್ಟದಿಂದ. ನೆರೆ ಬೇಗ ಇಳಿಯದಿದ್ದರೆ ಪಿಷ್ಟ ಖಾಲಿ. ನೀರು ಇಳಿದ ದಿನ ಗಿಡ ಹಸಿರಾಗಿಯೇ ಕಾಣಬಹುದು, ಆದರೆ ಉದ್ದಕ್ಕೆ ಬೆಳೆದು ಬಡಕಲಾದ ಕಾಂಡ ಕೆಸರಿಗೆ ಒರಗುತ್ತದೆ. ಎರಡು ಮೂರು ದಿನದಲ್ಲಿ ಎಲೆ ಬಾಡಿ, ಬುಡ ಮೆತ್ತಗಾಗಿ ಗದ್ದೆ ನಾರತೊಡಗುತ್ತದೆ.

ಬೆಳೆಯದೆ ಸುಮ್ಮನಿರುವ ಒಡಿಶಾದ ತಳಿ

ಒಡಿಶಾದ ರೈತರು ಬೆಳೆಯುತ್ತಿದ್ದ ಸ್ಥಳೀಯ ಭತ್ತವೊಂದರಿಂದ ಆಯ್ದು ತೆಗೆದ ತಳಿಯ ಹೆಸರು ಎಫ್‌ಆರ್13ಎ. ಹೆಸರಿನ ಮೊದಲೆರಡು ಅಕ್ಷರಗಳೇ ನೆರೆ ನಿರೋಧಕ (ಫ್ಲಡ್ ರೆಸಿಸ್ಟೆಂಟ್) ಎಂದು ಸಾರುತ್ತವೆ. ಎರಡು ವಾರ ಮುಳುಗಿದ್ದರೂ ಇದು ಸಾಯುವುದಿಲ್ಲ. ಎಥಿಲೀನ್‌ನ ಸುದ್ದಿ ಇದಕ್ಕೂ ಮುಟ್ಟುತ್ತದೆ, ಆದರೆ ಇದು ಉದ್ದ ಬೆಳೆಯಲು ಹೋಗುವುದಿಲ್ಲ. ಬೆಳವಣಿಗೆ ನಿಲ್ಲಿಸಿ, ಪಿಷ್ಟ ಉಳಿಸಿಕೊಂಡು, ನೀರು ಇಳಿಯುವವರೆಗೆ ಕಾಯುತ್ತದೆ. ಇಳಿದ ಮೇಲೆ ಬುಡದಿಂದ ಹೊಸ ಎಲೆ ಹೊರಡಿಸುತ್ತದೆ.

ಈ ಗುಣ ಎಲ್ಲಿಂದ ಬಂತು? ಉತ್ತರಕ್ಕೆ ಮೊದಲು ಒಂದೆರಡು ಪದ ತಿಳಿದಿರಲಿ. ಗುಣಗಳನ್ನು ಒಂದು ಪೀಳಿಗೆಯಿಂದ ಮುಂದಿನದಕ್ಕೆ ಒಯ್ಯುವ ಘಟಕವೇ ವಂಶವಾಹಿ, ಅಂದರೆ ಜೀನ್. ಜೀನ್‌ಗಳು ಸಾಲಾಗಿ ಕೂತಿರುವ ಉದ್ದನೆಯ ಎಳೆ ವರ್ಣತಂತು. ಭತ್ತದಲ್ಲಿ ಇಂಥ 12 ಜೋಡಿಗಳಿವೆ.

1996ರಲ್ಲಿ ಕೆನೊಂಗ್ ಶು ಮತ್ತು ಡೇವಿಡ್ ಮ್ಯಾಕಿಲ್ ಎಂಬ ವಿಜ್ಞಾನಿಗಳು ಮುಳುಗಿ ಬದುಕುವ ಗುಣದ ಬಹುಪಾಲು 9ನೇ ವರ್ಣತಂತುವಿನ ಒಂದೇ ಜಾಗಕ್ಕೆ ಸೇರಿದೆ ಎಂದು ತೋರಿಸಿದರು. ಆ ಜಾಗಕ್ಕೆ ‘ಸಬ್1’ ಎಂದು ಹೆಸರಿಟ್ಟರು. ಅವರು ಪರೀಕ್ಷಿಸಿದ ಗಿಡಗಳ ನಡುವೆ ಮುಳುಗಿ ಬದುಕುವುದರಲ್ಲಿ ಕಂಡ ವ್ಯತ್ಯಾಸದ ಶೇ 70ರಷ್ಟನ್ನು ಈ ಒಂದೇ ತಾಣ ವಿವರಿಸುತ್ತಿತ್ತು. ಹತ್ತು ವರ್ಷಗಳ ನಂತರ, 2006ರಲ್ಲಿ, ಪಮೇಲಾ ರೊನಾಲ್ಡ್ ಮತ್ತು ಜೂಲಿಯಾ ಬೈಲಿ-ಸೆರೆಸ್ ಅವರೂ ಇದ್ದ ತಂಡ ಆ ಜಾಗದಲ್ಲಿ ನಿಜಕ್ಕೂ ಕೆಲಸ ಮಾಡುತ್ತಿರುವ ಜೀನನ್ನು ಗುರುತಿಸಿತು: ಸಬ್1ಎ. ಎಥಿಲೀನ್ ಬಂದಾಗ ಎಚ್ಚರಗೊಂಡು ಗಿಬ್ಬರೆಲಿನ್‌ನ ಮಾತು ನಡೆಯದಂತೆ ಮಾಡುವುದು ಅದರ ಕೆಲಸ. ಜಪಾನಿನ ಕಡೆಯ ಜಪೋನಿಕಾ ಭತ್ತಗಳಲ್ಲಿ ಈ ಜೀನ್ ಇಲ್ಲವೇ ಇಲ್ಲ. ನಮ್ಮ ಕಡೆಯ ಇಂಡಿಕಾ ಭತ್ತಗಳಲ್ಲಿ ಕೆಲವಕ್ಕೆ ಇದೆ, ಅದರಲ್ಲೂ ಹಲವಕ್ಕೆ ಇರುವುದು ಅದರ ದುರ್ಬಲ ರೂಪ.

ಇಳುವರಿ ಒಂದೇ ಜೀನಿನ ಕೈಯಲ್ಲಿಲ್ಲ

ಮುಳುಗಿ ಬದುಕುವುದರ ಬಹುಪಾಲು ಒಂದೇ ತಾಣದಲ್ಲಿ ಸಿಕ್ಕಿತು. ಇಳುವರಿಗೆ ಹಾಗೆ ಒಂದು ತಾಣ ಸಿಗಲಾರದು, ಏಕೆಂದರೆ ಇಳುವರಿ ಎಂಬುದೇ ಒಂದು ಗುಣವಲ್ಲ. ಒಂದು ಬುಡದ ಭತ್ತ ಕೊಯ್ದು ಮುಂದಿಟ್ಟುಕೊಂಡರೆ ಎಣಿಸಬೇಕಾದದ್ದು ನಾಲ್ಕು: ತೆನೆ ಬಿಟ್ಟ ತೆಂಡೆ ಎಷ್ಟು, ಒಂದು ತೆನೆಯಲ್ಲಿ ಕಾಳು ಎಷ್ಟು, ಅದರಲ್ಲಿ ಜೊಳ್ಳು ಕಳೆದು ಗಟ್ಟಿಕಾಳಿನ ಪಾಲು ಎಷ್ಟು, ಒಂದು ಕಾಳಿನ ತೂಕ ಎಷ್ಟು. ನಾಲ್ಕನ್ನೂ ಗುಣಿಸಿದರೆ ಇಳುವರಿ. ಈ ನಾಲ್ಕರಲ್ಲಿ ಒಂದೊಂದರ ಹಿಂದೆಯೂ ಹಲವು ಜೀನ್‌ಗಳಿವೆ.

ಕೆಲವನ್ನು ವಿಜ್ಞಾನಿಗಳು ಹೆಸರಿಟ್ಟು ಹಿಡಿದಿದ್ದಾರೆ. ಜಪಾನಿನ ಮೊತೊಯುಕಿ ಅಶಿಕಾರಿ ಅವರ ತಂಡ 2005ರಲ್ಲಿ ಹೊರಗೆಡವಿದ ‘ಜಿಎನ್1ಎ’ ತೆನೆಯ ಕಾಳಿನ ಸಂಖ್ಯೆಗೆ ಸಂಬಂಧಿಸಿದ್ದು. ಇದು ಸೈಟೊಕೈನಿನ್ ಎಂಬ ಹಾರ್ಮೋನನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತದೆ. ಕಿಣ್ವ ಕಡಿಮೆಯಾದರೆ ಹಾರ್ಮೋನ್ ಹೆಚ್ಚು ಉಳಿಯುತ್ತದೆ, ತೆನೆಯಲ್ಲಿ ಕಾಳು ಹೆಚ್ಚು ಕಟ್ಟುತ್ತವೆ. 2025ರ ಮೇ ತಿಂಗಳಲ್ಲಿ ಭಾರತ ಪ್ರಕಟಿಸಿದ ಜೀನ್ ತಿದ್ದಿದ ತಳಿ ‘ಡಿಆರ್‌ಆರ್ ಧಾನ್ 100’, ಅಂದರೆ ಕಮಲಾದಲ್ಲಿ ತಿದ್ದಿರುವುದು ಇದೇ ಜೀನನ್ನು. ಕಾಳಿನ ಉದ್ದ, ತೂಕಕ್ಕೆ ‘ಜಿಎಸ್3’ ಇದೆ, ಅಗಲಕ್ಕೆ ‘ಜಿಡಬ್ಲ್ಯೂ2’ ಇದೆ. ‘ಜಿಎಚ್‌ಡಿ7’ ಒಂದೇ ಜೀನ್ ಆದರೂ ಹೂ ಬಿಡುವ ಕಾಲ, ಗಿಡದ ಎತ್ತರ, ಕಾಳಿನ ಸಂಖ್ಯೆ ಮೂರರಲ್ಲೂ ಕೈಯಾಡಿಸುತ್ತದೆ.

ಇಷ್ಟು ಗೊತ್ತಾದ ಮೇಲೆ ಒಳ್ಳೆಯವನ್ನೆಲ್ಲ ಒಂದೇ ಗಿಡಕ್ಕೆ ಸೇರಿಸಿಬಿಡಬಹುದಲ್ಲ ಎನ್ನಿಸುತ್ತದೆ. ಅಡ್ಡಿ ಎರಡಿವೆ.

ಮೊದಲನೆಯದು, ಈ ಗುಣಗಳು ಪರಸ್ಪರ ಎಳೆದಾಡುತ್ತವೆ. ತೆಂಡೆ ಹೆಚ್ಚಾದರೆ ತೆನೆ ಚಿಕ್ಕದಾಗುತ್ತದೆ. ತೆನೆಯಲ್ಲಿ ಕಾಳು ಹೆಚ್ಚಾದರೆ ಎಲ್ಲಕ್ಕೂ ಹಾಲು ತುಂಬಲು ಗಿಡದ ಬಳಿ ಸಾಮಗ್ರಿ ಸಾಲದೆ ಜೊಳ್ಳು ಹೆಚ್ಚುತ್ತದೆ. ಒಂದನ್ನು ಏರಿಸಿದ್ದು ಇನ್ನೊಂದರಲ್ಲಿ ಇಳಿದುಹೋಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಹೊಲದಲ್ಲಿ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನಿನದು, ಎಷ್ಟು ಪಾಲು ಮಣ್ಣು, ಗೊಬ್ಬರ, ಹವೆಯದು? ಜೀನಿನ ಪಾಲಿಗೆ ಅನುವಂಶೀಯತೆ ಎನ್ನುತ್ತಾರೆ. ಕಾಳಿನ ತೂಕದ ಅನುವಂಶೀಯತೆ ಸಾಮಾನ್ಯವಾಗಿ ಹೆಚ್ಚು. ಸಣ್ಣ ಕಾಳಿನ ತಳಿ ಯಾರ ಗದ್ದೆಯಲ್ಲೂ ಸಣ್ಣ ಕಾಳೇ ಕೊಡುತ್ತದೆ. ತೆಂಡೆಯ ಸಂಖ್ಯೆ ಹಾಗಲ್ಲ. ಅದೇ ತಳಿ ಬದುವಿನ ಪಕ್ಕದ ಸಾಲಿನಲ್ಲಿ ದಟ್ಟವಾಗಿ ತೆಂಡೆ ಒಡೆಯುತ್ತದೆ, ನಡುವೆ ಸೊರಗುತ್ತದೆ. ಒಟ್ಟು ಇಳುವರಿಯ ಅನುವಂಶೀಯತೆಯೂ ಕಡಿಮೆಯೇ. ಹಾಗಾಗಿ ಸಂಕರಣ ಮಾಡಿದ ಮೊದಮೊದಲ ಪೀಳಿಗೆಗಳಲ್ಲಿ ಹೆಚ್ಚು ಭತ್ತ ಕೊಟ್ಟ ಗಿಡವನ್ನೇ ಆರಿಸಿದರೆ, ಆರಿಸಿದ್ದು ಒಳ್ಳೆಯ ಜೀನನ್ನೋ ಒಳ್ಳೆಯ ಮಣ್ಣನ್ನೋ ಹೇಳುವುದು ಕಷ್ಟ. ಒಂದು ಗಿಡದ ಇಳುವರಿ ಗುಣ ನಿಜಕ್ಕೂ ಎಷ್ಟೆಂದು ತಿಳಿಯಲು ಹಲವು ಊರು, ಹಲವು ವರ್ಷಗಳ ಪರೀಕ್ಷೆ ಬೇಕು.

ನೆರೆಯ ಗದ್ದೆಯಲ್ಲಂತೂ ಈ ತೊಡಕು ದುಪ್ಪಟ್ಟು. ಒಂದೇ ಗದ್ದೆಯ ಈ ಮೂಲೆಯಲ್ಲಿ ನೀರು ಒಂದು ಗೇಣು ಆಳ, ಆ ಮೂಲೆಯಲ್ಲಿ ಮೂರು ಗೇಣು. ಬದುಕಿದ್ದು ತಳಿಯ ಗುಣವೋ ಜಾಗದ ಪುಣ್ಯವೋ?

ಮೊದಲ ಪ್ರಯತ್ನಗಳು ಗದ್ದೆಗೆ ಇಳಿಯಲಿಲ್ಲ

ಎಫ್‌ಆರ್13ಎ ನೆರೆ ತಡೆಯುತ್ತದೆ, ಆದರೆ ಎತ್ತರದ ಗಿಡ, ಮಲಗಿಬಿಡುತ್ತದೆ, ಇಳುವರಿ ಕಡಿಮೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಇದನ್ನು ಹೆಚ್ಚು ಇಳುವರಿಯ ಗಿಡ್ಡ ತಳಿಗಳೊಂದಿಗೆ ಸಂಕರಿಸಿ, ಹಲವು ಪೀಳಿಗೆ ಆಯ್ಕೆ ಮಾಡಿ ‘ಐಆರ್49830’ರಂಥ ತಳಿಸಾಲುಗಳನ್ನು ಪಡೆದರು. ಅವು ನೆರೆ ತಡೆದವು, ತಕ್ಕ ಇಳುವರಿಯನ್ನೂ ಕೊಟ್ಟವು. ಆದರೂ ರೈತರಲ್ಲಿ ಹಬ್ಬಲಿಲ್ಲ. ಅಕ್ಕಿಯ ಗುಣ, ರುಚಿ, ಆಯಾ ಊರಿನ ನೆಲಕ್ಕೆ ಹೊಂದಿಕೆ, ಯಾವುದರಲ್ಲೂ ಅವು ರೈತರು ಬಿಡಲೊಲ್ಲದ ತಳಿಗಳಿಗೆ ಸಮವಾಗಲಿಲ್ಲ. ನೆರೆ ಪ್ರತಿ ವರ್ಷ ಬರುವುದಿಲ್ಲ. ನೆರೆ ಬಾರದ ವರ್ಷದಲ್ಲೂ ಹಳೆಯ ತಳಿಯಷ್ಟೇ ಭತ್ತ, ಅಷ್ಟೇ ಬೆಲೆ ಬೇಕೆಂಬ ರೈತರ ಲೆಕ್ಕ ನ್ಯಾಯವಾದದ್ದೇ.

ತೊಡಕು ಸಂಕರಣದ ಸ್ವಭಾವದಲ್ಲೇ ಇದೆ. ಎರಡು ತಳಿ ಕೂಡಿಸಿದಾಗ ಬೇಕಾದ ಜೀನೊಂದೇ ದಾಟುವುದಿಲ್ಲ. ಸಸಿಮಡಿಯಿಂದ ಸಸಿ ಕಿತ್ತಾಗ ಬೇರಿಗೆ ಮಣ್ಣಿನ ಹೆಂಟೆ ಅಂಟಿ ಬರುವಂತೆ, ಆ ಜೀನಿನ ಅಕ್ಕಪಕ್ಕದ ಜೀನ್‌ಗಳೂ ಅಂಟಿಕೊಂಡು ಬರುತ್ತವೆ. ಕಡಿಮೆ ಇಳುವರಿಯ ತಳಿಯಿಂದ ತಂದ ಹೆಂಟೆಯಲ್ಲಿ ಕಡಿಮೆ ಇಳುವರಿಯ ಜೀನ್‌ಗಳೂ ಇರುತ್ತವೆ. ಎಷ್ಟು ಮಣ್ಣು ತೊಳೆದು ತೆಗೆಯಬಲ್ಲೆವು ಎಂಬುದರ ಮೇಲೆ ಫಲ ನಿಂತಿದೆ.

ಸ್ವರ್ಣಾಗೆ ಒಂದು ತುಣುಕು ಮಾತ್ರ

ಸಬ್1ರ ಜಾಗ ಗೊತ್ತಾದ ಮೇಲೆ ಮ್ಯಾಕಿಲ್ ಅವರ ತಂಡ ದಾರಿಯನ್ನೇ ತಿರುಗಿಸಿತು. ನೆರೆ ತಳಿಗೆ ಇಳುವರಿ ತುಂಬುವ ಪ್ರಯತ್ನ ಬಿಟ್ಟು, ರೈತರು ಮೆಚ್ಚಿ ಬೆಳೆಯುತ್ತಿರುವ ತಳಿಗೆ ಸಬ್1 ಒಂದನ್ನು ಸೇರಿಸಲು ಹೊರಟರು. ಇಳುವರಿಯ ಹತ್ತಾರು ಜೀನ್‌ಗಳನ್ನು ಕೂಡಿಸುವ ಕೆಲಸ ಆ ತಳಿಯಲ್ಲಿ ಆಗಲೇ ಮುಗಿದಿದೆ. ಅದನ್ನು ಕದಡದೆ ಒಂದೇ ತಾಣವನ್ನು ಬದಲಿಸಿದರೆ ಸಾಕು.

ಆರಿಸಿದ ತಳಿ ಸ್ವರ್ಣಾ, ಅಂದರೆ ಎಂಟಿಯು 7029. ಆಂಧ್ರದ ಮಾರುಟೇರು ಕೇಂದ್ರದಲ್ಲಿ ಹುಟ್ಟಿ ಪೂರ್ವ ಭಾರತದ ತಗ್ಗು ಗದ್ದೆಗಳನ್ನೆಲ್ಲ ತುಂಬಿದ ಭತ್ತ. ಇದನ್ನು ಐಆರ್49830ರ ಒಂದು ತಳಿಸಾಲಿನೊಂದಿಗೆ ಸಂಕರಿಸಿದರು. ಮೊದಲ ಪೀಳಿಗೆಯಲ್ಲಿ ಅರ್ಧ ಸ್ವರ್ಣಾ, ಅರ್ಧ ದಾನಿ, ಅಂದರೆ ಸಬ್1 ಕೊಡುವ ಆ ತಳಿಸಾಲು. ಅದನ್ನು ಮತ್ತೆ ಸ್ವರ್ಣಾದೊಂದಿಗೆ ಕೂಡಿಸಿದರೆ ದಾನಿಯ ಪಾಲು ಸರಾಸರಿ ಕಾಲು ಭಾಗಕ್ಕೆ ಇಳಿಯುತ್ತದೆ, ಇನ್ನೊಮ್ಮೆ ಕೂಡಿಸಿದರೆ ಎಂಟನೇ ಒಂದಕ್ಕೆ. ಇದನ್ನು ಹಿಮ್ಮುಖ ಸಂಕರಣ ಎನ್ನುತ್ತಾರೆ.

ಮೊದಲೆಲ್ಲ ಇದನ್ನು ಆರೇಳು ಪೀಳಿಗೆ ಮುಂದುವರಿಸಬೇಕಿತ್ತು. ಈಗ ಸಸಿ ಚಿಕ್ಕದಿರುವಾಗಲೇ ಎಲೆಯ ಚೂರು ತೆಗೆದು ಡಿಎನ್‌ಎ ಪರೀಕ್ಷಿಸಬಹುದು. ವರ್ಣತಂತುವಿನ ಗೊತ್ತಾದ ಜಾಗಗಳಲ್ಲಿರುವ ಗುರುತುಗಳನ್ನು ಮಾರ್ಕರ್ ಎನ್ನುತ್ತಾರೆ. ಯಾವ ಸಸಿಯಲ್ಲಿ ಸಬ್1 ಇದೆ, ಅದರ ಎಡಬಲದಲ್ಲಿ ದಾನಿಯ ತುಣುಕು ಎಷ್ಟು ಚಿಕ್ಕದಾಗಿದೆ, ಉಳಿದ 11 ವರ್ಣತಂತುಗಳು ಎಷ್ಟು ಮಟ್ಟಿಗೆ ಸ್ವರ್ಣಾದವೇ ಆಗಿವೆ, ಮೂರನ್ನೂ ಅವು ಹೇಳುತ್ತವೆ. ನೂರಾರು ಸಸಿಗಳಲ್ಲಿ ಎಲ್ಲಕ್ಕಿಂತ ಚೊಕ್ಕವಾದದ್ದನ್ನು ಆರಿಸಿ ಮುಂದಿನ ಸಂಕರಣಕ್ಕೆ ಬಳಸಿದರೆ ಎರಡು ಮೂರು ಸುತ್ತಿನಲ್ಲೇ ಕೆಲಸ ಮುಗಿಯುತ್ತದೆ. ಜೀನನ್ನು ಪ್ರಯೋಗಾಲಯದಲ್ಲಿ ಕತ್ತರಿಸಿ ಅಂಟಿಸುವ ಕುಲಾಂತರಿ ವಿಧಾನ ಇಲ್ಲಿಲ್ಲ. ಹೂವಿಗೆ ಹೂವಿನ ಪರಾಗ ಸೇರಿಸುವ ಹಳೆಯ ವಿಧಾನಕ್ಕೆ ಪರೀಕ್ಷೆಯ ಕಣ್ಣು ಸೇರಿದೆ, ಅಷ್ಟೇ.

ಹೀಗೆ ಬಂದ ಸ್ವರ್ಣಾ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ನೆರೆ ಇಲ್ಲದ ಗದ್ದೆಯಲ್ಲಿ ಇಳುವರಿ, ಅವಧಿ, ಅಕ್ಕಿ ಎಲ್ಲವೂ ಸ್ವರ್ಣಾದಂತೆಯೇ. ಕಣ್ಣಿಗೆ ಕಾಣುವ ಒಂದು ವ್ಯತ್ಯಾಸ ಮಾತ್ರ ಉಳಿಯಿತು. ಸ್ವರ್ಣಾದ ಕಾಳಿನ ಸಿಪ್ಪೆ ಹೊನ್ನಿನ ಬಣ್ಣದ್ದು, ಸ್ವರ್ಣಾ-ಸಬ್1ರದ್ದು ಹುಲ್ಲಿನ ಬಣ್ಣದ್ದು. ಸಿಪ್ಪೆಯ ಬಣ್ಣವನ್ನು ನಿರ್ಧರಿಸುವ ಜೀನೊಂದು ಸಬ್1ರ ಪಕ್ಕದಲ್ಲೇ ಇರುವುದು ಕಾರಣ. ಎಷ್ಟು ತೊಳೆದರೂ ಬಿಡದೆ ಬಂದ ಆ ಚೂರು ಈಗ ಎರಡು ತಳಿಗಳ ಬೀಜವನ್ನು ಬೇರ್ಪಡಿಸಿ ಗುರುತಿಸಲು ಅನುಕೂಲವೇ ಆಗಿದೆ.

ಮುಂದೆ ಇದೇ ದಾರಿಯಲ್ಲಿ ಸಾಂಬಾ ಮಸೂರಿ-ಸಬ್1, ಐಆರ್64-ಸಬ್1, ಸಿಆರ್1009-ಸಬ್1, ಅಸ್ಸಾಮಿನ ರಂಜಿತ್-ಸಬ್1 ಬಂದವು. ಸಾಂಬಾ ಮಸೂರಿ ಎಂದರೆ ಗಂಗಾವತಿ, ರಾಯಚೂರಿನ ಕಡೆ ಬಿಪಿಟಿ ಎಂದೇ ಕರೆಯುವ ಬಿಪಿಟಿ 5204.

ನೆರೆಯ ನಂತರದ ಇಳುವರಿ ಎಲ್ಲಿಂದ?

ಸಬ್1 ನೇರವಾಗಿ ಒಂದು ಕಾಳನ್ನೂ ಹೆಚ್ಚಿಸುವುದಿಲ್ಲ. ಅದು ಉಳಿಸುವುದು ಬುಡ ಮತ್ತು ಸುಳಿಯನ್ನು. ಅಲ್ಲಿಂದ ಮುಂದೆ ಕೆಲಸ ಸ್ವರ್ಣಾದ ಇಳುವರಿ ಜೀನ್‌ಗಳದ್ದು. ಮುಳುಗಿದ್ದಾಗ ಕೆಲವು ತೆಂಡೆ ಸಾಯುತ್ತವೆ. ನೀರು ಇಳಿದ ಮೇಲೆ ಉಳಿದ ಬುಡ ಹೊಸ ತೆಂಡೆ ಒಡೆಯುತ್ತದೆ, ಹೂ ಬಿಡುವುದು ತಡವಾಗುತ್ತದೆ. ತೆಂಡೆ ಕಡಿಮೆಯಾದ ನಷ್ಟವನ್ನು ತೆನೆಯ ಕಾಳು ಒಂದಷ್ಟು ತುಂಬಿಕೊಡುತ್ತದೆ. ಮೇಲೆ ತೊಡಕೆಂದು ಹೇಳಿದ ಗುಣಗಳ ಎಳೆದಾಟ ಇಲ್ಲಿ ಗಿಡದ ನೆರವಿಗೆ ಬರುತ್ತದೆ. ಐದು ತಿಂಗಳಿನ ಹತ್ತಿರದ ದೀರ್ಘಾವಧಿ ತಳಿಗೆ ಚೇತರಿಸಿಕೊಳ್ಳಲು ಸಮಯವಿದೆ. ಅಲ್ಪಾವಧಿ ತಳಿಗೆ ಆ ಸಮಯ ಕಡಿಮೆ.

ಒಡಿಶಾದ ಹಳ್ಳಿಗಳಲ್ಲಿ ರೈತರದೇ ಗದ್ದೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ದಿನ ಮುಳುಗಿದ ಗದ್ದೆಯಲ್ಲಿ ಸ್ವರ್ಣಾ-ಸಬ್1 ಸ್ವರ್ಣಾಗಿಂತ ಸುಮಾರು ಶೇ 45 ಹೆಚ್ಚು ಇಳುವರಿ ಕೊಟ್ಟಿತು. ಮುಳುಗದ ಗದ್ದೆಯಲ್ಲಿ ಇಳುವರಿ ಕಡಿಮೆಯಾಗಲಿಲ್ಲ. ಅದೇ ಅಧ್ಯಯನ ಇನ್ನೊಂದನ್ನೂ ದಾಖಲಿಸಿತು, ನನಗೆ ಅದು ಇಳುವರಿಯ ಅಂಕಿಯಷ್ಟೇ ಮುಖ್ಯ: ನೆರೆ ಮೊದಲು ನುಗ್ಗುವ ತಗ್ಗು ಜಮೀನುಗಳು ಹೆಚ್ಚಾಗಿ ಪರಿಶಿಷ್ಟ ಜಾತಿಯವರಂಥ ಹಿಂದುಳಿದ ಸಮುದಾಯಗಳ ಕೈಯಲ್ಲಿದ್ದವು. ಬೀಜದೊಳಗಿನ ಒಂದು ಜೀನ್ ಹೆಚ್ಚು ನೆರವಾದದ್ದು ಅವರಿಗೆ.

ಗಿಡ್ಡ ಗಿಡ, ಎತ್ತರದ ಗಿಡ

ಇಳುವರಿಗೂ ನೆರೆಗೂ ಇರುವ ಇನ್ನೊಂದು ನಂಟು ಹಸಿರು ಕ್ರಾಂತಿಯದ್ದು. 1966ರ ಐಆರ್8 ತಳಿ ಮತ್ತು ಅದರ ಸಂತತಿ ಗಿಡ್ಡವಾಗಲು ಕಾರಣ ‘ಎಸ್‌ಡಿ1’ ಎಂಬ ಜೀನ್ ಕೆಟ್ಟಿರುವುದು. ಇದು ಗಿಬ್ಬರೆಲಿನ್ ತಯಾರಿಸುವ ಜೀನ್. ಕೆಟ್ಟರೆ ಹಾರ್ಮೋನ್ ಕಡಿಮೆ, ಗಿಡ ಗಿಡ್ಡ. ಗೊಬ್ಬರ ಹಾಕಿದರೂ ಮಲಗದೆ ತೆನೆ ಹೊತ್ತು ನಿಲ್ಲುವುದರಿಂದ ಇಳುವರಿ ಏರಿತು. ಆದರೆ ಗಿಡ್ಡ ಗಿಡ ಬೇಗ ಮುಳುಗುತ್ತದೆ.

ಬಾಂಗ್ಲಾದೇಶದ ಆಳ ನೀರಿನ ಭತ್ತದಲ್ಲಿ ಇದೇ ಎಸ್‌ಡಿ1 ತದ್ವಿರುದ್ಧ ಕೆಲಸ ಮಾಡುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಅಲ್ಲಿ ಎಥಿಲೀನ್ ಬಂದರೆ ಅದು ಗಿಬ್ಬರೆಲಿನ್ ಸುರಿಸುತ್ತದೆ. ‘ಸ್ನಾರ್ಕೆಲ್’ ಎಂಬ ಬೇರೆ ಎರಡು ಜೀನ್‌ಗಳೂ ಉದ್ದ ಬೆಳೆಸುತ್ತವೆ. 2009ರಲ್ಲಿ ಅವನ್ನು ಕಂಡುಹಿಡಿದದ್ದೂ ಅಶಿಕಾರಿ ಅವರ ತಂಡವೇ. ಆ ಭತ್ತ ದಿನಕ್ಕೆ 20ರಿಂದ 25 ಸೆಂಟಿಮೀಟರ್‌ವರೆಗೂ ಬೆಳೆದು ನೀರಿನ ಮೇಲೆ ತಲೆ ಎತ್ತಿರುತ್ತದೆ. ತಿಂಗಳುಗಟ್ಟಲೆ ನೀರು ನಿಲ್ಲುವ ಕಡೆ ಇದೇ ಸರಿಯಾದ ದಾರಿ. ಬೆಳೆಯ ಬಲವೆಲ್ಲ ಕಾಂಡಕ್ಕೆ ಹೋಗುವುದರಿಂದ ಇಳುವರಿ ಕಡಿಮೆ.

ಸಬ್1 ನೆರವಾಗದ ಕಡೆ

ಸಬ್1 ಇರುವುದು ಬಂದು ಎರಡು ವಾರದೊಳಗೆ ಇಳಿಯುವ ನೆರೆಗೆ, ಅದೂ ಗಿಡ ಬೆಳೆಯುವ ಹಂತದಲ್ಲಿದ್ದಾಗ. ಹೊಡೆ ಬಂದು ಹೂ ಬಿಡುವ ಹೊತ್ತಿಗೆ ಮುಳುಗಿದರೆ ಪರಾಗವೇ ಕೆಟ್ಟು ಕಾಳು ಕಟ್ಟುವುದಿಲ್ಲ. ಮೊಣಕಾಲು ಮಟ್ಟದ ನೀರು ತಿಂಗಳಾನುಗಟ್ಟಲೆ ನಿಲ್ಲುವ ಗದ್ದೆಗೂ ಇದು ಹೊಂದುವುದಿಲ್ಲ. ಬಿತ್ತಿದ ಬೀಜ ಮೊಳೆಯುವ ಮೊದಲೇ ನೀರು ತುಂಬಿದರೂ ಇದರಿಂದ ಉಪಯೋಗವಿಲ್ಲ. ನಾಟಿ ಬಿಟ್ಟು ನೇರ ಬಿತ್ತನೆಗೆ ಹೋಗುತ್ತಿರುವವರು ಇದನ್ನು ಗಮನಿಸಬೇಕು. ಆ ಹಂತಕ್ಕೆ ಮ್ಯಾನ್ಮಾರ್‌ನ ಖಾವ್ ಹ್ಲಾನ್ ಆನ್ ತಳಿಯಲ್ಲಿ ಬೇರೊಂದು ಜೀನ್ ಸಿಕ್ಕಿದೆ. ಬೀಜದ ಪಿಷ್ಟವನ್ನು ಸಕ್ಕರೆಯಾಗಿಸಿ, ನೀರಿನಡಿಯಲ್ಲೇ ಮೊಳಕೆ ಉದ್ದವಾಗುವಂತೆ ಅದು ಮಾಡುತ್ತದೆ. ಅದನ್ನೂ ಸಬ್1ನ್ನೂ ಒಂದೇ ತಳಿಗೆ ಸೇರಿಸುವ ಕೆಲಸ ನಡೆದಿದೆ.

ನಮ್ಮ ಕಡೆಯಲ್ಲಿ

ಕರ್ನಾಟಕದ ನೆರೆ ಒಂದೇ ಥರದ್ದಲ್ಲ. ಕುಮಟಾದ ಅಘನಾಶಿನಿ ಹಿನ್ನೀರಿನ ಗಜನಿ ಭೂಮಿಯಲ್ಲಿ ನೀರಿನ ಜತೆ ಉಪ್ಪೂ ಇದೆ; ಅಲ್ಲಿ ಎರಡನ್ನೂ ತಾಳುವ ಕಗ್ಗ ಭತ್ತವನ್ನು ರೈತರು ಉಳಿಸಿಕೊಂಡು ಬಂದಿದ್ದಾರೆ. ಮಲೆನಾಡಿನ ತಗ್ಗು ಗದ್ದೆಗಳಿಗೆ ನೆರೆಗುಳಿಯಂಥ ತಳಿಗಳಿವೆ. ಇವುಗಳ ಇಳುವರಿ ಹೊಸ ತಳಿಗಳಷ್ಟಿಲ್ಲ, ನಿಜ. ಆದರೆ ಎಫ್‌ಆರ್13ಎ ಕೂಡ ಒಂದು ಕಾಲಕ್ಕೆ ಇಂಥದ್ದೇ ಕಡಿಮೆ ಇಳುವರಿಯ ಊರ ಭತ್ತವಾಗಿತ್ತು. ಅದರ ಬೀಜ ಉಳಿದಿತ್ತೆಂದೇ ಸಬ್1 ಸಿಕ್ಕಿತು.

ಸಬ್1 ತಳಿಗಳು ಹೈಬ್ರಿಡ್ ಅಲ್ಲದ್ದರಿಂದ ಬೀಜ ಕಲಬೆರಕೆಯಾಗದಂತೆ ನೋಡಿಕೊಂಡರೆ ಸ್ವಂತ ಬೀಜ ಇಟ್ಟುಕೊಳ್ಳಬಹುದು. ಕೊಳ್ಳುವಾಗ ನಿಮ್ಮ ಗದ್ದೆಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ನಾಟಿಯಾಗಿ ಎಷ್ಟು ದಿನಕ್ಕೆ ನೆರೆ ಬರುತ್ತದೆ ಎಂಬ ಎರಡು ಉತ್ತರ ಇಟ್ಟುಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ನೆರೆ ಇಳಿದ ಕೂಡಲೇ ಎಲೆ ಕಂದಿದೆಯೆಂದು ಗದ್ದೆ ಉಳಬೇಡಿ. ನಾಲ್ಕಾರು ಕಡೆ ಬುಡ ಹಿಚುಕಿ ನೋಡಿ. ಮೆತ್ತಗಾಗಿ ನಾರುತ್ತಿದ್ದರೆ ಸತ್ತಿದೆ. ಗಟ್ಟಿಯಾಗಿದ್ದು ಒಳಗಿನ ಸುಳಿ ಬೆಳ್ಳಗಿದ್ದರೆ ಜೀವವಿದೆ. ಯೂರಿಯಾ ಹಾಕಲು ಅವಸರ ಬೇಡ. ಒಂದು ವಾರ ಕಾದು, ಹೊಸ ಎಲೆ ಹೊರಟ ಮೇಲೆ ಹಾಕಿದರೆ ಅದು ತೆಂಡೆಗೆ ಹೋಗುತ್ತದೆ.